ಮೂರು ಗಂಟೆಯ ಖಾಲಿ ವಿಮಾನ

“ಕುಕ್ಕರ್ ಒಂದು ಸೀಟಿ ಕೂಗಿದ್ರೆ ನಿನ್ನ ವಿಮಾನ ಏನು ಕೆಳಗೆ ಬಿದ್ದೋಗುತ್ತಾ?”

“ವಿಮಾನ ಬೀಳಲ್ಲ ಅತ್ತೆ, ನನ್ನ ಕೆಲಸ ಬೀಳುತ್ತೆ. ಬಾಗಿಲಿಗೆ ಕೆಂಪು ಬಟ್ಟೆ ಹಾಕಿದೀನಿ. ಕಣ್ಣಿಗೆ ಕಾಣಲ್ವಾ?”

“ನನಗೆ ಕಾಣುತ್ತೆ. ಕಾಳಿಗೆ ಕಾಣಲ್ಲ. ಅದು ಬೇಯೋ ಹೊತ್ತಿಗೆ ಬೇಯುತ್ತೆ.”

“ಫೋನಲ್ಲಿದ್ದವನು ಏನು ಕೇಳಿದ ಗೊತ್ತಾ? ‘ಮೇಡಂ, ಹಿಂದೆ ಬಂದಿದ್ದು ವಿಮಾನದ ಶಬ್ದಾನಾ’ ಅಂದ.”

ಮೂಲೆಯ ಕುರ್ಚಿಯಲ್ಲಿದ್ದ ಮಾವ ನಕ್ಕುಬಿಟ್ಟರು. “ಹೌದು ಅನ್ನಬೇಕಿತ್ತಮ್ಮ. ಕಾಳಿನ ಮೇಲೆ ಓಡೋ ವಿಮಾನ, ಪೆಟ್ರೋಲ್ ಖರ್ಚಿಲ್ಲ ಅನ್ನಬೇಕಿತ್ತು.”

“ಮಾವ, ಮೆತ್ತಗೆ.”

“ಮೆತ್ತಗೇ ಮಾತಾಡಿದ್ದು.”

ಅದು ಪಕ್ಕದ ಮನೆಗೂ ಕೇಳಿಸಿತ್ತು.

ಸೊಸೆಯ ಕೆಲಸ ಖಾಸಗಿ ವಿಮಾನ ಬಾಡಿಗೆಗೆ ಕೊಡುವ ಕಂಪನಿಯಲ್ಲಿ. ವಿಮಾನ ಬೇಕೆನ್ನುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಎಂಟು ತಿಂಗಳ ಹಿಂದೆ ಕಂಪನಿ ತನ್ನ ವಿಚಾರಣೆ ಆಫೀಸನ್ನು ಮುಚ್ಚಿ, ಕಂಪ್ಯೂಟರುಗಳನ್ನು ಕೆಲಸದವರ ಮನೆಗಳಿಗೆ ಸಾಗಿಸಿತು. ಕಂಪನಿಗೆ ಆಫೀಸಿನ ಬಾಡಿಗೆ ಉಳಿಯಿತು, ಈ ಮನೆಗೆ ಒಂದು ಕೋಣೆ ಹೋಯಿತು. ಇದ್ದದ್ದೇ ಎರಡು ಕೋಣೆ. ಬೀದಿಯ ಸದ್ದು ಬಾರದಿದ್ದದ್ದು ಮುದುಕರ ಕೋಣೆಗೆ ಮಾತ್ರ. ಬೆಳಗ್ಗೆ ಒಂಬತ್ತಕ್ಕೆ ಅವರ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದರೆ ಅದು ಆಫೀಸು. ಸಂಜೆ ಆರಕ್ಕೆ ಇಳಿಸಿದರೆ ಮಲಗುವ ಕೋಣೆ.

ಕೆಂಪು ಬಟ್ಟೆ ಬಾಗಿಲ ಹಿಡಿಗೆ ಬಿತ್ತೆಂದರೆ ಮನೆ ಉಸಿರು ಬಿಗಿಹಿಡಿಯಬೇಕು. ಕುಕ್ಕರ್ ಇಲ್ಲ, ಮಿಕ್ಸಿ ಇಲ್ಲ, ನಲ್ಲಿಯನ್ನು ಪೂರ್ತಿ ತಿರುಗಿಸುವಂತಿಲ್ಲ, ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿಕೊಳ್ಳಬೇಕು. ಗಾಜಿನ ಕಟ್ಟಡದಲ್ಲಿ ಕೂತ ಹೆಂಗಸಿನ ಹತ್ತಿರ ಮಾತಾಡುತ್ತಿದ್ದೇನೆ ಎಂದು ಆ ಕಡೆಯವನು ನಂಬಬೇಕು. ಈ ಕಡೆ ಅವಳು ಎತ್ತಿ ನಿಲ್ಲಿಸಿದ ಮಂಚದ ಕಾಲಿಗೆ ತಲೆ ತಗುಲದ ಹಾಗೆ ಬಗ್ಗಿ ಕೂತಿರುತ್ತಿದ್ದಳು.

ಮಗ ವಾಹನಗಳ ಸೀಟಿಗೆ ಕವರ್ ಹೊಲಿಯುವವನು. ಒಂದು ವರ್ಷದಿಂದ ಅಂಗಡಿಯಲ್ಲಿ ವಾರಕ್ಕೆ ಮೂರೇ ದಿನ ಕೆಲಸ. ಹೀಗಾಗಿ ಮನೆ ನಡೆಯುತ್ತಿದ್ದದ್ದು ಸೊಸೆಯ ಬಾಯಿಂದ. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅತ್ತೆಗೆ ಅಷ್ಟು ಸಿಟ್ಟು.

ಮಾವನದು ಬೇರೆಯದೇ ಕಷ್ಟ. ಅವರು ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಬೀದಿಯವರಿಗೆಲ್ಲ ಈಗಲೂ ಅವರು ಕಂಡಕ್ಟರೇ. ಬಾಯಿ ತೆರೆದರೆ ಹಿಂದಿನ ಸೀಟಿನವನಿಗೆ ಕೇಳಬೇಕು. ಪಿಸುಗುಟ್ಟುವುದು ಅವರಿಗೆ ಬರುತ್ತಲೇ ಇರಲಿಲ್ಲ. ಆದರೆ ಕೆಂಪು ಬಟ್ಟೆ ಇದ್ದಾಗ ತುಟಿ ಹೊಲಿದುಕೊಂಡು ಕೂರುವುದನ್ನು ಕಲಿತಿದ್ದರು. ಕುರ್ಚಿ ಬಿಟ್ಟು ಹೋಗಲು ಮಾತ್ರ ಮನಸ್ಸಿರಲಿಲ್ಲ. ಸೊಸೆಗೂ ಅವರು ಅಲ್ಲಿರುವುದು ಬೇಕಾಗಿತ್ತು. ದಿನವಿಡೀ ಗೋಡೆಗೆ ಮಾತಾಡುವುದಕ್ಕಿಂತ ಒಂದು ಮನುಷ್ಯನ ಮುಖ ವಾಸಿ.

ಕಂಪನಿ ಕೊಟ್ಟ ನಲವತ್ತೊಂದು ಪ್ರಶ್ನೆಗಳ ಹಾಳೆ ಬೀರುವಿನ ಬಾಗಿಲಿಗೆ ಅಂಟಿತ್ತು. ಊಟದ ಹೊತ್ತಿನಲ್ಲಿ ಮೊಮ್ಮಗಳು ಪುಟ್ಟಿ ಚಮಚವನ್ನು ಕಿವಿಗಿಟ್ಟುಕೊಂಡು ಗಿರಾಕಿಯಾಗುತ್ತಿದ್ದಳು. ಅವಳಿಗೆ ಒಂಬತ್ತು ವರ್ಷ, ಪ್ರಶ್ನೆಗಳೆಲ್ಲ ಬಾಯಿಪಾಠ.

“ಹಲೋ, ನಮ್ಮ ನಾಯೀನ ಕರ್ಕೊಂಡು ಬರಬಹುದಾ?”

“ಖಂಡಿತ ಸರ್. ನಾಯಿಯ ತೂಕ, ಲಸಿಕೆ ಪತ್ರ ಮುಂಚೆ ಕಳಿಸಿ. ನಿಮ್ಮ ಪಕ್ಕದ ಸೀಟಲ್ಲೇ ಕೂರುತ್ತೆ.”

“ನಾಯಿಗೆ ಸೀಟಿದೆ,” ಎಂದಳು ಅತ್ತೆ ಅನ್ನ ಬಡಿಸುತ್ತಾ. “ನನಗೆ ಹಗಲಲ್ಲಿ ನನ್ನ ಮಂಚ ಇಲ್ಲ.”

“ಹಲೋ, ನನ್ನ ತೂಕ ಯಾಕೆ ಕೇಳ್ತೀರಿ?”

“ಚಿಕ್ಕ ವಿಮಾನ ಮೇಡಂ, ತೂಕ ನೋಡಿ ಸೀಟು ಹಂಚಬೇಕು.”

“ಹೆಂಗಸರು ತೂಕ ಹೇಳಿದ್ರೆ ಹತ್ತು ಸೇರಿಸು,” ಎಂದರು ಕಂಡಕ್ಟರು. “ಗಂಡಸರು ಲಗೇಜು ಹೇಳಿದ್ರೆ ಎರಡರಷ್ಟು ಮಾಡು. ಮೂವತ್ತೊಂದು ವರ್ಷದ ಲೆಕ್ಕ ಇದು.”

“ಹಲೋ, ನಾನು ಬರೋದು ತಡ ಆದ್ರೆ ವಿಮಾನ ಕಾಯುತ್ತಾ?”

“ಅದು ನಿಮ್ಮದೇ ವಿಮಾನ ಸರ್. ನಿಮಗಾಗಿ ಕಾಯುತ್ತೆ.”

“ಎಷ್ಟು ಹೊತ್ತು?” ಇದು ಕಂಡಕ್ಟರು. “ಪೈಲಟ್ಟಿಗೆ ಡ್ಯೂಟಿ ಟೈಮ್ ಇಲ್ವಾ?”

“ಇದೆ ಮಾವ. ಅದು ಮುಗಿದ್ರೆ ಹಾರೋ ಹಾಗಿಲ್ಲ. ಆದ್ರೆ ಕೇಳಿದ್ರೆ ಮಾತ್ರ ಹೇಳಬೇಕು ಅಂತ ಹಾಳೇಲಿದೆ.”

“ಕೇಳದಿದ್ರೂ ಹೇಳಬೇಕಮ್ಮ. ಕೊನೇ ಬಸ್ಸು ಹೋಯ್ತು ಅಂತ ಸ್ಟಾಪಲ್ಲಿ ನಿಂತೋನಿಗೆ ಹೇಳದೇ ಹೋಗೋನು ಕಂಡಕ್ಟರಾ?”

ಮರುದಿನ ಅವಳು ಒಬ್ಬ ಗಿರಾಕಿಗೆ ಅದನ್ನು ತಾನಾಗಿ ಹೇಳಿದಳು. ಅವನು ಬೈಯಲಿಲ್ಲ, ಒಳ್ಳೆಯದಾಯಿತು ಎಂದ. ಅಂದಿನಿಂದ ಮಾವನ ಎದೆ ಎರಡು ಅಂಗುಲ ಅಗಲವಾಯಿತು.

ಅವರಿಗೆ ಅನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಮೂವತ್ತೆಂಟನೆಯ ಪ್ರಶ್ನೆಗೆ.

“ಹಲೋ, ನಮ್ಮನ್ನ ಇಳಿಸಿದ ಮೇಲೆ ವಿಮಾನ ಏನು ಮಾಡುತ್ತೆ?”

“ಬೇರೆ ಪ್ರಯಾಣ ಇಲ್ಲದಿದ್ದರೆ ಖಾಲಿ ವಾಪಸು ಬರುತ್ತೆ ಸರ್. ಅದರ ಖರ್ಚೂ ನಿಮ್ಮ ಬಾಡಿಗೇಲಿ ಸೇರಿದೆ.”

ಕಂಡಕ್ಟರು ಕೈ ತಟ್ಟೆಯಲ್ಲೇ ನಿಲ್ಲಿಸಿದರು. “ಖಾಲಿ ಅಂದ್ರೆ?”

“ಖಾಲಿ. ಇಬ್ಬರು ಪೈಲಟ್ಟುಗಳು, ಅಷ್ಟೇ.”

“ಎಂಟು ಸೀಟೂ?”

“ಎಂಟೂ. ಯಾರಾದ್ರೂ ಕೇಳಿದ್ರೆ ಕಡಿಮೆಗೆ ಕೊಡ್ತಾರೆ. ಆ ಕಡಿಮೇನೂ ನಮ್ಮ ಎರಡು ವರ್ಷದ ಸಂಬಳ. ಸುಮಾರು ಸಲ ಯಾರೂ ಇರಲ್ಲ.”

ಅವರ ಕಾಲದಲ್ಲಿ ಕೊನೆಯ ಟ್ರಿಪ್ ಮುಗಿದ ಬಸ್ಸಿಗೆ ‘ಡಿಪೋ’ ಎಂಬ ಬೋರ್ಡು ಹಾಕುತ್ತಿದ್ದರು. ಆ ಬಸ್ಸಿಗೆ ಯಾರನ್ನೂ ಹತ್ತಿಸಬಾರದು ಎಂದು ನಿಯಮ. ಮೂವತ್ತೊಂದು ವರ್ಷವೂ ಅವರು ಹತ್ತಿಸಿದರು. ಕಾರ್ಖಾನೆಯಿಂದ ಬರುವ ಹೆಂಗಸರು, ತರಕಾರಿ ಬುಟ್ಟಿಯವರು, ಒಮ್ಮೆ ಕುರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡವನು. ಟಿಕೆಟ್ ಇಲ್ಲ. ಎರಡು ಸಲ ಮೆಮೊ ಬಂತು, ಎರಡನ್ನೂ ಮಡಚಿ ಬಸ್ಸಿನ ಅಲುಗಾಡುವ ಕಿಟಕಿಗೆ ಸಿಕ್ಕಿಸಿದರು. ಖಾಲಿ ಬಸ್ಸು ಓಡಿಸುವುದು ಹಸಿದವರ ಎದುರು ಅನ್ನ ಚೆಲ್ಲಿದ ಹಾಗೆ ಎನ್ನುತ್ತಿದ್ದರು.

ಪ್ರತಿ ಬೆಳಗ್ಗೆ ಕಂಪ್ಯೂಟರಿಗೆ ಖಾಲಿ ವಾಪಸುಗಳ ಪಟ್ಟಿ ಬರುತ್ತಿತ್ತು. ಮಾತಾಡುವಾಗ ಕಣ್ಣೆದುರು ಇರಲೆಂದು ಸೊಸೆ ಅದನ್ನು ಪುಟ್ಟಿಯ ಹಳೆಯ ಸ್ಲೇಟಿನ ಮೇಲೆ ಬರೆದು ಗೋಡೆಗೆ ಒರಗಿಸುತ್ತಿದ್ದಳು. ಎಲ್ಲಿಂದ, ಎಷ್ಟು ಗಂಟೆಗೆ, ಎಷ್ಟು ಸೀಟು. ಕಂಡಕ್ಟರು ಅದನ್ನು ಬೇರೆ ಮುದುಕರು ಪೇಪರಿನಲ್ಲಿ ಸತ್ತವರ ಸುದ್ದಿ ಓದುವ ಹಾಗೆ ಓದುತ್ತಿದ್ದರು.

“ಇವತ್ತು ಇಪ್ಪತ್ತೆರಡು ಸೀಟು ದಂಡ,” ಎಂದು ಹೇಳಿ ಕನ್ನಡಕ ತೆಗೆಯುತ್ತಿದ್ದರು.

ಒಂದು ಸೋಮವಾರ ಮಧ್ಯಾಹ್ನ ಆ ಫೋನು ಬಂತು. ಕಿವಿಗೆ ಹಾಕುವ ಯಂತ್ರ ಒತ್ತಿ ನೋಯುತ್ತದೆಂದು ಊಟದ ನಂತರ ಅವಳು ಸ್ಪೀಕರಿಗೆ ಹಾಕಿಕೊಳ್ಳುತ್ತಿದ್ದಳು. ಕಂಪನಿಗೆ ಇದು ಗೊತ್ತಿರಲಿಲ್ಲ.

“ಅಮ್ಮ, ಇದು ವಿಮಾನ ಬಾಡಿಗೆ ಕೊಡೋ ಜಾಗಾನಾ?”

“ಹೌದು ಮೇಡಂ, ಹೇಳಿ.”

“ನಾನು ಮೇಡಂ ಅಲ್ಲಮ್ಮ, ಇಸ್ತ್ರಿ ಅಂಗಡಿಯೋಳು. ಯಾರದೋ ಕೋಟಿನ ಜೇಬಲ್ಲಿ ನಿಮ್ಮ ಚೀಟಿ ಸಿಕ್ಕಿತ್ತು. ಬಿಸಾಡದೆ ಇಟ್ಕೊಂಡಿದ್ದೆ.”

ಅವಳ ಅಣ್ಣ ದೂರದ ಊರೊಂದರಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದವನು. ಸಾರುವೆಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಆಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದಾರೆ. ಎರಡು ಗಂಟೆ ಕೂರಬಲ್ಲ, ಹೆಚ್ಚಿಗೆ ಕೂರಿಸಬೇಡಿ ಎಂದೂ ಅಂದಿದ್ದಾರೆ. ಮನೆಗೆ ಬಸ್ಸಿನಲ್ಲಿ ಹದಿನೆಂಟು ಗಂಟೆ.

“ನೀವು ಸೀಟಿನ ಲೆಕ್ಕದಲ್ಲಿ ಕೊಡ್ತೀರೋ, ಪೂರ್ತಿ ವಿಮಾನ ತಗೋಬೇಕೋ?”

“ಪೂರ್ತಿ ತಗೋಬೇಕು.”

“ಅರ್ಧ ಕೊಡಲ್ವಾ?”

“ಇಲ್ಲಮ್ಮ.”

“ಎಷ್ಟಾಗುತ್ತೆ?”

ಸೊಸೆ ಮೊತ್ತ ಹೇಳಿದಳು. ಆ ಕಡೆ ಆಸ್ಪತ್ರೆಯ ಗಾಡಿಗಳ ಚಕ್ರದ ಸದ್ದು ಕೇಳಿಸಿತು.

“ಅದು ಒಂದು ವರ್ಷಕ್ಕಾ?”

“ಒಂದು ಸಲಕ್ಕೆ.”

“ಓ. ಸರಿ ಅಮ್ಮ. ನಿಮ್ಮ ಹೊತ್ತು ಹಾಳು ಮಾಡಿದೆ.”

“ನಮ್ಮನ್ನು ವಿಚಾರಿಸಿದ್ದಕ್ಕೆ ಧನ್ಯವಾದಗಳು,” ಎಂದಳು ಸೊಸೆ. ಹಾಗೆ ಹೇಳಿಯೇ ಮುಗಿಸಬೇಕೆಂದು ಹಾಳೆಯಲ್ಲಿತ್ತು. ಆಮೇಲೆ ಪುಸ್ತಕದಲ್ಲಿ ನಂಬರ್ ಬರೆದು, ಎದುರಿಗೆ ‘ಆಗದು’ ಎಂದು ಬರೆದಳು. ಅದೂ ನಿಯಮ.

ಬುಧವಾರ ಬೆಳಗ್ಗೆ ಸ್ಲೇಟಿನ ಮೇಲೆ ಆ ದೂರದ ಊರಿನ ಹೆಸರು ಇತ್ತು. ಗುರುವಾರ, ಮಧ್ಯಾಹ್ನ ಮೂರು, ಎಂಟು ಸೀಟು. ವಾಪಸು ಬರುವುದು ಇಲ್ಲಿಗೇ. ಇಸ್ತ್ರಿಯವಳ ಊರು ಇಲ್ಲಿಂದ ಬಸ್ಸಿನಲ್ಲಿ ಎರಡೇ ಗಂಟೆ.

ಸೊಸೆ ಸ್ನಾನಕ್ಕೆ ಹೋದಾಗ ಕಂಡಕ್ಟರು ಪುಸ್ತಕದಿಂದ ನಂಬರನ್ನು ಅಂಗೈ ಮೇಲೆ ಬರೆದುಕೊಂಡರು. ಮಹಡಿಗೆ ಹೋಗಿ, ಒಣಗಲು ಹಾಕಿದ ಬಟ್ಟೆಗಳ ಮಧ್ಯೆ ನಿಂತು ಫೋನ್ ಮಾಡಿದರು.

“ನಾಳೆ ಮೂರು ಗಂಟೆಗೆ ಅಲ್ಲಿಂದ ಒಂದು ಖಾಲಿ ವಿಮಾನ ಹೊರಡುತ್ತೆ ತಾಯಿ. ಎರಡೂವರೆಗೆ ವಿಮಾನ ನಿಲ್ದಾಣದ ಗೇಟಿನ ಹತ್ತಿರ ಇರಿ. ಯಾರಾದ್ರೂ ಕೇಳಿದ್ರೆ ಕಂಡಕ್ಟರು ಹೇಳಿದಾರೆ ಅನ್ನಿ.”

“ದುಡ್ಡು?”

“ಖಾಲಿ ಬಸ್ಸಿಗೆ ಎಂಥ ದುಡ್ಡು?”

ಬಸ್ಸು ಎಂದೇ ಅಂದರು. ಅವರ ತಲೆಯಲ್ಲಿ ಅದು ಬಸ್ಸೇ ಆಗಿತ್ತು.

ಗುರುವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಎಲ್ಲಿಗೆ ಸವಾರಿ ಎಂದು ಹೆಂಡತಿ ಕೇಳಿದರೆ ಎಲ್ಲಿಗೂ ಇಲ್ಲ ಎಂದರು. ಗಡಿಯಾರ ಮೂರು ಹೊಡೆದಾಗ ಅಡುಗೆಮನೆಗೆ ಬಂದು, ತಮ್ಮ ಮಟ್ಟಿಗೆ ಮೆತ್ತಗೆ, “ಹತ್ತಿದ್ರು,” ಎಂದರು.

“ಯಾರು?”

“ಹತ್ತಿದ್ರು ಕಣೇ. ನೀನು ಚಹಾ ಇಡು.”

ಐದು ಗಂಟೆಗೆ ಸೊಸೆಗೆ ಇಸ್ತ್ರಿಯವಳ ಫೋನು ಬಂತು.

“ಅಮ್ಮ, ಅಲ್ಲಿ ಕಂಡಕ್ಟರು ಇದಾರಾ?”

“ಯಾವ ಕಂಡಕ್ಟರು?”

“ಮೂರರ ವಿಮಾನಕ್ಕೆ ಬನ್ನಿ ಅಂದಿದ್ರಲ್ಲ. ನಾವು ಒಂದೂವರೆಗೇ ಬಂದ್ವಿ. ಗೇಟಿನೋರು ಒಳಗೆ ಬಿಡಲಿಲ್ಲ. ನಾನು ಹೇಳಿದೆ, ಕಂಡಕ್ಟರು ಹೇಳಿದಾರೆ ಅಂತ. ಅವರು ನಕ್ಕರು. ವಿಮಾನ ಹೋಗಿದ್ದನ್ನ ನೋಡಿದ್ವಿ. ಚಿಕ್ಕದು, ಚೆನ್ನಾಗಿತ್ತು. ಮುಂದಿನದು ಎಷ್ಟೊತ್ತಿಗೆ ಅಂತ ಕೇಳೋಣ ಅಂದ್ಕೊಂಡು ಮಾಡಿದೆ.”

ಸೊಸೆ ನಿಧಾನವಾಗಿ ಮೂಲೆಯ ಕುರ್ಚಿಯತ್ತ ತಿರುಗಿದಳು. ಕಂಡಕ್ಟರು ಎದ್ದು ನಿಂತಿದ್ದರು.

“ಅಮ್ಮ, ನೀವು ಆಸ್ಪತ್ರೆಗೆ ವಾಪಸು ಹೋಗಿ,” ಎಂದಳು ಅವಳು. “ಮುಂದಿನದು ಇಲ್ಲ.”

“ಮಂಚ ಬಿಟ್ಟುಕೊಟ್ಟು ಬಂದ್ವಲ್ಲ. ಬೇರೆಯವರಿಗೆ ಕೊಟ್ಟಾಯ್ತಂತೆ. ಇರಲಿ, ನೋಡೋಣ. ಅವರಿಗೆ ಏನೂ ಅನ್ನಬೇಡಿ, ಒಳ್ಳೆ ಮನಸ್ಸಿಂದಲೇ ಹೇಳಿದ್ರು.”

ಫೋನು ಇಟ್ಟ ಮೇಲೆ ಅವಳು ಕೆಂಪು ಬಟ್ಟೆಯನ್ನು ಕಿತ್ತು ನೆಲಕ್ಕೆ ಎಸೆದಳು.

“ಏನು ಮಾಡಿದ್ರಿ ಮಾವ? ಏನು ಮಾಡಿಬಿಟ್ರಿ?”

“ಎಂಟು ಸೀಟು ಖಾಲಿ ಇತ್ತು.”

“ಖಾಲಿ ಇದ್ರೆ? ಅದೇನು ನಿಮ್ಮ ಡಿಪೋ ಬಸ್ಸಾ?”

“ಗೇಟಿನವನೂ ಮನುಷ್ಯ ತಾನೇ? ಅವನು ಬಿಡದಿದ್ರೂ ಪೈಲಟ್ಟು ನೋಡ್ತಾನೆ, ನಿಲ್ಲಿಸ್ತಾನೆ ಅಂದ್ಕೊಂಡೆ.”

“ಪೈಲಟ್ಟಿಗೆ ಗೊತ್ತೇ ಆಗಿರಲ್ಲ. ಗೇಟಿಂದ ವಿಮಾನಕ್ಕೆ ಒಂದು ಮೈಲಿ ದೂರ. ಆ ಮುರಿದ ಸೊಂಟದೋನನ್ನ ಬಿಸಿಲಲ್ಲಿ ಕೂರಿಸಿದ್ರಲ್ಲ!”

ಕಂಡಕ್ಟರು ಕೂತರು. ಬಸ್ಸು ಕಾಲ ಬುಡಕ್ಕೆ ಬಂದು ನಿಲ್ಲುತ್ತದೆ. ಕೈ ಎತ್ತಿದವನ ಮುಖ ಕಾಣುತ್ತದೆ. ವಿಮಾನಕ್ಕೂ ಗೇಟಿಗೂ ಒಂದು ಮೈಲಿ ಇರುತ್ತದೆ ಎಂಬುದು ನಲವತ್ತೊಂದು ಪ್ರಶ್ನೆಗಳಲ್ಲಿ ಇರಲಿಲ್ಲ.

ಸಂಜೆ ಕೆಲಸದಿಂದ ಬಂದ ಮಗ ಎಲ್ಲವನ್ನೂ ಕೇಳಿ ಚಪ್ಪಲಿಯನ್ನೂ ಬಿಡದೆ ಕೂಗಾಡಿದ. ಅತ್ತೆ ಗಂಡನ ಪರ ನಿಂತಳು, ಅರ್ಧ ಗಂಟೆಯ ಮೇಲೆ ಸೊಸೆಯ ಪರ ನಿಂತಳು, ಕೊನೆಗೆ ಅವತ್ತಿನ ಅನ್ನ ತಳ ಹಿಡಿದದ್ದಕ್ಕೆ ಇಬ್ಬರನ್ನೂ ಬೈದಳು.

ಗೇಟಿನ ಕಾವಲಿನವನು ನಡೆದದ್ದನ್ನೆಲ್ಲ ಬರೆದಿಟ್ಟಿದ್ದ. ಸೋಮವಾರ ಕಂಪನಿಯ ಮೇಲಿನವಳು ಫೋನ್ ಮಾಡಿದಳು. ಕಂಡಕ್ಟರ್ ಅಂದರೆ ಯಾರು? ಸೊಸೆಗೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಮಾವ, ವಯಸ್ಸಾದವರು, ಇನ್ನು ಮುಂದೆ ಹೀಗಾಗುವುದಿಲ್ಲ ಎಂದಳು. ಮೇಲಿನವಳು ಕೂಗಲಿಲ್ಲ, ಅವಮಾನ ಮಾಡಲಿಲ್ಲ. ಷರತ್ತು ಹಾಕಿದಳು. ಒಂಬತ್ತರಿಂದ ಆರರವರೆಗೆ ಕ್ಯಾಮೆರಾ ಚಾಲೂ ಇರಬೇಕು. ಕೋಣೆಯಲ್ಲಿ ಎರಡನೆಯ ಮನುಷ್ಯ ಕಾಣಬಾರದು. ಮನೆಯಲ್ಲಿ ಎರಡನೆಯ ಧ್ವನಿ ಕೇಳಿಸಬಾರದು. ಇನ್ನೊಂದು ದೂರು ಬಂದರೆ ಕಂಪ್ಯೂಟರು ವಾಪಸು ಹೋಗುತ್ತದೆ.

ಆ ಸಂಜೆ ಊಟಕ್ಕೆ ಕೂತಾಗ ಪುಟ್ಟಿ ಚಮಚ ಎತ್ತಲಿಲ್ಲ. ಮಗ ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ಸುತ್ತಿಸುತ್ತಾ ಇದ್ದ.

“ಅಪ್ಪ, ನಿನಗೆ ಮೆತ್ತಗೆ ಮಾತಾಡೋಕೆ ಬರಲ್ಲ.”

“ಬರಲ್ಲ.”

“ಬಾಯಿ ಮುಚ್ಕೊಂಡಿದ್ರೂ ಕೆಮ್ತೀಯ. ನಿದ್ದೇಲಿ ಸ್ಟಾಪುಗಳ ಹೆಸರು ಕೂಗ್ತೀಯ.”

“ಇದ್ದದ್ದು ಹೇಳು ಮಗನೇ.”

“ಅವಳ ಡ್ಯೂಟಿ ಹೊತ್ತಲ್ಲಿ ನೀನು ಮನೇಲಿ ಇರಬೇಡ.”

ಸೊಸೆ ತಲೆ ಎತ್ತಲಿಲ್ಲ. ಅವಳು ಹೇಳಬೇಕಿದ್ದ ಮಾತನ್ನು ಗಂಡ ಹೇಳಿದ್ದ. ಹೇಳಿಸಿದ್ದು ಅವಳೇ.

“ಎಷ್ಟು ಗಂಟೆಯಿಂದ?” ಎಂದರು ಕಂಡಕ್ಟರು.

“ಒಂಬತ್ತರಿಂದ ಆರು.”

“ನನ್ನ ಹಳೇ ಶಿಫ್ಟೇ,” ಎಂದು ಹೇಳಿ ಅವರು ಮತ್ತೆ ಸ್ವಲ್ಪ ಅನ್ನ ಹಾಕಿಸಿಕೊಂಡರು. ಆದರೆ ಅದನ್ನು ತಿನ್ನಲಿಲ್ಲ.

ಮರುದಿನದಿಂದ ಎಂಟೂ ಮುಕ್ಕಾಲಿಗೆ ಅವರು ಹಳೆಯ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಡತೊಡಗಿದರು. ಚೀಲದಲ್ಲಿ ಊಟದ ಡಬ್ಬಿ, ನೀರು, ಕನ್ನಡಕ. ಒಂದು ಬಸ್ ನಿಲ್ದಾಣದ ಬೆಂಚು, ಕ್ಷೌರದ ಅಂಗಡಿಯ ಬೆಂಚು, ಮತ್ತೆ ಬಸ್ ನಿಲ್ದಾಣ. ವಯಸ್ಸಾದವರ ಪಾಸಿನಲ್ಲಿ ಒಂದೇ ಬಸ್ಸಿನಲ್ಲಿ ಊರನ್ನು ನಾಲ್ಕು ಸುತ್ತು ಸುತ್ತುತ್ತಿದ್ದರು. ಹೊಸ ಬಸ್ಸುಗಳಲ್ಲಿ ಕಂಡಕ್ಟರೇ ಇಲ್ಲ. ಮುಂದಿನ ಸ್ಟಾಪಿನ ಹೆಸರನ್ನು ಯಂತ್ರ ಹೇಳುತ್ತದೆ. ಯಂತ್ರ ತಪ್ಪು ಹೇಳಿದಾಗ ಅವರು ಗಟ್ಟಿಯಾಗಿ ತಿದ್ದುತ್ತಿದ್ದರು. ಒಬ್ಬ ಹುಡುಗಿ ನಕ್ಕು ಸೀಟು ಬಿಟ್ಟುಕೊಟ್ಟಳಂತೆ. ಅದನ್ನು ಮನೆಯಲ್ಲಿ ಎರಡು ಸಲ ಹೇಳಿದರು.

ಮನೆ ಈಗ ತೆಪ್ಪಗಿತ್ತು. ಸೊಸೆಗೆ ಅದು ಬೇಕಾಗಿದ್ದದ್ದೇ. ಆದರೂ ಕೆಟ್ಟ ಗಿರಾಕಿಯೊಬ್ಬ ಬೈದು ಫೋನಿಟ್ಟಾಗ ಅವಳ ಕಣ್ಣು ಖಾಲಿ ಕುರ್ಚಿಯತ್ತ ಹೋಗುತ್ತಿತ್ತು.

ಎರಡನೆಯ ವಾರ ಒಂದು ದಿನ ಶಾಲೆಯಿಂದ ಬಂದ ಪುಟ್ಟಿ ನೋಡಿದಾಗ ಅಜ್ಜ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಕಣ್ಣು ಕೆಂಪಗಿತ್ತು. ಹಣೆ ಮುಟ್ಟಿದರೆ ಕಾದ ತವೆ.

“ಒಳಗೆ ಬಾ ಅಜ್ಜ.”

ಅವರು ಬಾಯಿಯ ಮೇಲೆ ಬೆರಳಿಟ್ಟು, ತಮ್ಮ ಕೈಗಡಿಯಾರ ತೋರಿಸಿದರು. ನಾಲ್ಕು ಗಂಟೆ. ಅವರು ಬಂದದ್ದು ಎರಡಕ್ಕಂತೆ.

ಆರಕ್ಕೆ ಬಾಗಿಲು ತೆರೆದ ಸೊಸೆ ಅವರನ್ನು ನೋಡಿ ಮೊದಲು ಬೈದಳು. “ಜ್ವರ ಬಂದೋರು ಒಳಗೆ ಬರಬಾರದಾ? ನಾನೇನು ರಾಕ್ಷಸೀನಾ? ಬೀದಿಯೋರು ಏನಂದ್ಕೋಬೇಕು?”

“ಡ್ಯೂಟಿ ಟೈಮಮ್ಮ.”

ಅವಳು ಮಂಚವನ್ನು ಇಳಿಸಿ, ಹಾಸಿಗೆ ಹಾಸಿ, ಅವರ ಕಾಲಿನ ಬೂಟನ್ನು ತಾನೇ ಬಿಚ್ಚಿದಳು. ಬೂಟು ಬಿಚ್ಚುತ್ತಾ ಅತ್ತಳು. ಅತ್ತೆ ಗಂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದವಳು, ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟಳು.

“ಅವನು ಮನೆ ಸೇರಿದ್ನಾ?” ಎಂದರು ಕಂಡಕ್ಟರು.

“ಯಾರು ಮಾವ?”

“ಸೊಂಟ ಮುರಿದೋನು.”

“ಆ ನಂಬರಿಗೆ ಮಾಡಬಾರದು ಅಂದಿದಾರೆ.”

“ನಿನಗೆ ಅಂದಿದಾರೆ,” ಎಂದು ಅವರು ಅಂಗೈ ನೋಡಿಕೊಂಡರು. ಶಾಯಿ ಅಳಿಸಿ ಹೋಗಿ ಎಷ್ಟೋ ದಿನವಾಗಿತ್ತು. ನಂಬರು ಮಾತ್ರ ಬಾಯಲ್ಲಿತ್ತು.

ಜ್ವರ ಇಳಿದ ಸಂಜೆ ಅವರು ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದರು. ಅಣ್ಣ ತಂಗಿ ಇನ್ನೂ ಅಲ್ಲೇ ಇದ್ದರು. ಆಸ್ಪತ್ರೆಯ ಪಕ್ಕದಲ್ಲಿ ರೋಗಿಗಳ ಕಡೆಯವರು ಮಲಗುವ ಹಾಲ್ ಒಂದಿದೆಯಂತೆ. ಅಲ್ಲಿ ಚಾಪೆಯ ಮೇಲೆ.

ಊಟಕ್ಕೆ ಕೂತಾಗ ಅವರು ಮಾತು ತೆಗೆದರು. “ನಾಳೆ ಹೋಗ್ತೀನಿ. ಅವನನ್ನ ಕರ್ಕೊಂಡು ಬರಬೇಕು.”

“ಯಾವುದ್ರಲ್ಲಿ? ವಿಮಾನದಲ್ಲಾ?” ಎಂದ ಮಗ.

“ಬಸ್ಸಲ್ಲಿ. ದಿನಕ್ಕೆ ಎರಡೇ ಗಂಟೆ. ಹಿಂದಿನ ಉದ್ದ ಸೀಟಲ್ಲಿ ಮಲಗಿಸ್ತೀನಿ. ಇಳಿದ ಊರಲ್ಲಿ ಡ್ರೈವರುಗಳ ಕೋಣೆ ಇರುತ್ತೆ, ಒಬ್ಬನಲ್ಲ ಒಬ್ಬ ಗುರುತಿನೋನು ಇರ್ತಾನೆ. ಹದಿನೆಂಟು ಗಂಟೆ, ಒಂಬತ್ತು ದಿನ.”

“ನಿನ್ನ ವಯಸ್ಸೆಷ್ಟು?”

“ಅರ್ಧ ಟಿಕೆಟಿನ ವಯಸ್ಸು.”

“ತಮಾಷೆ ಬೇಡ ಅಪ್ಪ. ಜ್ವರ ಬಿಟ್ಟು ಎರಡು ದಿನ ಆಗಿಲ್ಲ. ಊರ ಉಸಾಬರಿ ನಿನಗ್ಯಾಕೆ?”

“ಊರ ಉಸಾಬರಿ ಅಲ್ಲ. ಗೇಟಿಗೆ ಕಳಿಸಿದೋನು ನಾನು. ನನ್ನ ಮಾತು ನಂಬಿ ಮಂಚ ಬಿಟ್ಟೋರು ಅವರು. ಹತ್ತಿಸ್ತೀನಿ ಅಂತ ಹೇಳಿ ಸ್ಟಾಪಲ್ಲಿ ಬಿಟ್ಟು ಹೋದ ಹಾಗಾಯ್ತಲ್ಲೋ.” ಧ್ವನಿ ಏರಿತ್ತು. ಪಕ್ಕದ ಮನೆಯವರು ಟಿವಿಯ ಸದ್ದು ತಗ್ಗಿಸಿ ಕೇಳಿಸಿಕೊಂಡರು.

“ಹಾಗಾದ್ರೆ ಹೋಗು,” ಎಂದ ಮಗ ಸಿಟ್ಟಿನಲ್ಲಿ. “ಹೇಗೂ ಹಗಲೆಲ್ಲ ಬೀದೀಲೇ ಇರ್ತೀಯ. ನಮಗೆ ವ್ಯತ್ಯಾಸವೇನೂ ಆಗಲ್ಲ.”

ಆಡಿದ ಮಾತು ಒಡೆದ ಮುತ್ತು. ಅವನಿಗೂ ತಕ್ಷಣ ಅದು ಗೊತ್ತಾಯಿತು, ಆದರೆ ತಟ್ಟೆ ತೆಗೆದುಕೊಂಡು ಎದ್ದುಬಿಟ್ಟ.

ಬೆಳಗ್ಗೆ ಎಂಟೂ ಮುಕ್ಕಾಲಿಗೆ ಕಂಡಕ್ಟರು ಹೊರಟರು. ಹೆಂಡತಿ ಡಬ್ಬಿಯ ಜೊತೆಗೆ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಒಂದು ಹೊದಿಕೆ ಕೊಟ್ಟಳು. “ಹತ್ತು ದಿನ ಅಂದಿದೀರಿ,” ಎಂದಳು. ಅವರು ಬಾಗಿಲಿಗೆ ನೇತಾಡುತ್ತಿದ್ದ ಕೆಂಪು ಬಟ್ಟೆಯನ್ನು ನೋಡಿ ತಲೆ ಮಾತ್ರ ಆಡಿಸಿದರು. ಗಲ್ಲಿಯ ತುದಿ ತಿರುಗುವ ತನಕ ಚರ್ಮದ ಚೀಲ ಕಾಣುತ್ತಿತ್ತು.

ಸೊಸೆ ಸ್ಲೇಟು ಎತ್ತಿಕೊಂಡರೆ ಅದರಲ್ಲಿ ಆಗಲೇ ಬರೆದಿತ್ತು. ಕಂಡಕ್ಟರ ದಪ್ಪ ಅಕ್ಷರ. ಹೊರಡುವುದು: ಒಂಬತ್ತೂ ಹತ್ತರ ಬಸ್ಸು. ಸೀಟು: ಒಂದು. ವಾಪಸು: ಎಂದು ಬರೆದು ಮುಂದೆ ಏನೂ ಬರೆದಿರಲಿಲ್ಲ. ಅವಳು ಆ ಸಾಲನ್ನು ಅಳಿಸದೆ, ಅಂದಿನ ಖಾಲಿ ವಿಮಾನಗಳನ್ನು ಅದರ ಕೆಳಗೆ ಬರೆದಳು.

ಮೊದಮೊದಲು ದಿನಾ ಸಂಜೆ ಆರರ ಮೇಲೆ ಫೋನು ಬರುತ್ತಿತ್ತು. ಪುಟ್ಟಿ ಊರಿನ ಹೆಸರುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದಳು. ಇವತ್ತಿನ ಡ್ರೈವರು ಗುಂಡಿ ನೋಡಿ ಓಡಿಸಿದ. ಇವತ್ತು ಬಸ್ಸಿನವರೆಲ್ಲ ಇಳಿದು ಅವನನ್ನು ಎತ್ತಿ ಕೂರಿಸಿದರು. ಇವತ್ತು ಅವನು ನಕ್ಕ. ಹತ್ತನೆಯ ಸಂಜೆ, ಮನೆ ಸೇರಿಸಿದೆ ಎಂದರು. ಅತ್ತೆ ಮರುದಿನ ಅವರ ಪಾಲಿನ ಅಕ್ಕಿಯನ್ನೂ ಹಾಕಿದಳು. ಅದರ ಮರುದಿನವೂ ಹಾಕಿದಳು. ಆಮೇಲೆ ಮೂರು ದಿನ ಫೋನಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಅತ್ತೆಯ ಮೊಬೈಲು ಅಡುಗೆಮನೆಯಲ್ಲಿ ಗುಂಯ್‌ಗುಟ್ಟಿತು. ಬಾಗಿಲಿಗೆ ಕೆಂಪು ಬಟ್ಟೆ ಇತ್ತು. ಅವಳು ಮೊಬೈಲನ್ನು ಸೆರಗಿನೊಳಗೆ ಹಿಡಿದು ಮೂಲೆಗೆ ಸರಿದಳು.

“ಹಲೋ, ನಾನು ಕಣೇ,” ಎಂಬ ಧ್ವನಿ ಬಟ್ಟೆಯನ್ನು ದಾಟಿ ಬಂತು. “ಇಲ್ಲಿ ಇವನನ್ನ ಎತ್ತಿ ಕೂರಿಸೋಕೆ ಒಬ್ಬರು ಬೇಕು. ಆಕೆ ಅಂಗಡಿ ನೋಡ್ಕೋಬೇಕಲ್ಲ. ಇಸ್ತ್ರಿಗೆ ಬಟ್ಟೆ ಕೊಡಿ ಬಟ್ಟೆ ಅಂತ ಗಲ್ಲಿ ತುಂಬ ಕೂಗೋದೂ ನಾನೇ. ಎಲ್ಲ ಚೆನ್ನಾಗಿದೀರಾ?”

“ಯಾವಾಗ ಬರ್ತೀರಿ?” ಎಂದು ಅವಳು ಪಿಸುಗುಟ್ಟಿದಳು.

“ಏನು?”

“ಯಾವಾಗ ಬರ್ತೀರಿ ಅಂದೆ.”

“ಕೇಳಿಸ್ತಾ ಇಲ್ಲ. ಜೋರಾಗಿ ಮಾತಾಡೇ.”

ಅವಳು ಮುಚ್ಚಿದ ಬಾಗಿಲನ್ನು ನೋಡಿದಳು. ಈ ಮನೆಯಲ್ಲಿ ಸೊಸೆಗೆ ಎದುರು ಕೂಗಿ ಕೂಗಿ ಮಾತಾಡಿದ ಹೆಂಗಸು, ಆ ಹೊತ್ತಿನಲ್ಲಿ ಧ್ವನಿ ಎತ್ತಲಾರದೆ ನಿಂತಳು. ಒಳಗೆ ಸೊಸೆ ಯಾರಿಗೋ, “ಖಂಡಿತ ಸರ್, ಎಷ್ಟು ಹೊತ್ತಾದರೂ ಕಾಯುತ್ತೆ,” ಎನ್ನುತ್ತಿದ್ದಳು. ಇದ್ದಕ್ಕಿದ್ದಂತೆ ಅದು ನಿಂತಿತು.

“ಓ, ಡ್ಯೂಟಿ ಟೈಮಲ್ವಾ,” ಎಂದರು ಕಂಡಕ್ಟರು. “ಮರೆತಿದ್ದೆ. ಇಡ್ತೀನಿ.”

ಕೋಣೆಯ ಬಾಗಿಲು ತೆರೆಯಿತು. ಸೊಸೆ ಕಿವಿಯ ಯಂತ್ರವನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ಅದರೊಳಗಿಂದ ಗಿರಾಕಿ ಹಲೋ ಹಲೋ ಎನ್ನುತ್ತಿದ್ದ. ಹಿಂದೆ ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು.

“ಜೋರಾಗಿ ಕೇಳಿ ಅತ್ತೆ,” ಎಂದಳು. “ಕೂಗಿ ಕೇಳಿ. ನಾನು ಬನ್ನಿ ಅಂದೆ ಅಂತ ಹೇಳಿ.”

ಅತ್ತೆ ಮೊಬೈಲನ್ನು ಕಿವಿಯಿಂದ ತೆಗೆದು ನೋಡಿದಳು.

“ಇಟ್ಟುಬಿಟ್ರು,” ಎಂದಳು.

ಅತ್ತೆ ಸೊಸೆ ಸೇರಿ ಆ ನಂಬರಿಗೆ ಮತ್ತೆ ಮಾಡಿದರು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಭಾನುವಾರ ಮಗ ಎರಡು ಗಂಟೆಯ ದಾರಿ ಬಸ್ಸಿನಲ್ಲಿ ಹೋಗಿ ಅಪ್ಪನನ್ನು ಕರೆದ. ಸಂಜೆಯ ಬಸ್ಸಿಗೆ ಒಬ್ಬನೇ ಬಂದು, ಚಪ್ಪಲಿ ಬಿಟ್ಟು, ಅಪ್ಪನ ಕುರ್ಚಿಯಲ್ಲಿ ಕೂತ. “ಅಲ್ಲೇ ಇರ್ತಾನಂತೆ,” ಎಂದ. ಮಂಚ ಇಳಿಸುವ ಹೊತ್ತಾಗಿತ್ತು. ಅತ್ತೆ ಒಂದು ಕಡೆ ಹಿಡಿದಳು, ಸೊಸೆ ಇನ್ನೊಂದು ಕಡೆ ಹಿಡಿದಳು.